ಹಿಂದಿದ್ದ ಬ್ಲೋವರ್ ಮುಂದೆ ಬಂದದ್ದು

ನಿನ್ನೆ ಕೋಟುಗಳ ಕಪಾಟು ಖಾಲಿ ಮಾಡುತ್ತಿದ್ದಾಗ ಇವರ ಹಳೇ ಮಫ್ಲರ್ ಒಂದು ಕೈಗೆ ಸಿಕ್ಕಿತು. ಯಾರಿಗಾದರೂ ಕೊಟ್ಟುಬಿಡೋಣ ಎಂದು ಮಡಿಸಲು ಹೋದೆ. ಮೂಗಿಗೆ ಬಡಿಯಿತು ನೋಡಿ, ನೋವಿನ ಮುಲಾಮಿನ ವಾಸನೆ! ಅದನ್ನು ಎಷ್ಟು ಸಲ ಒಗೆದಿದ್ದೇನೋ, ಡ್ರೈಯರಿಗೆ ಹಾಕಿ ಎಷ್ಟು ಸಲ ಬೇಯಿಸಿದ್ದೇನೋ. ಆ ಕರ್ಪೂರ, ಆ ಪುದೀನದ ಘಾಟು ಇನ್ನೂ ನೂಲಿನೊಳಗೇ ಕೂತಿದೆ. ನಾಳೆ ಹಿಮ ಬೀಳುತ್ತದೆ ಎಂದು ಫೋನು ಆಗಲೇ ಒಂದೆರಡು ಸಲ ಕೂಗಿಕೊಂಡಿತ್ತು. ಹಾಲು ತರಬೇಕಿತ್ತು, ಬ್ರೆಡ್ಡು ತರಬೇಕಿತ್ತು. ನಾನು ಮಾತ್ರ ಕಪಾಟಿನ ಮುಂದೆ ಮಫ್ಲರ್ ಹಿಡಿದುಕೊಂಡು ಪೆದ್ದಿಯ ಹಾಗೆ ನಿಂತುಬಿಟ್ಟೆ.

ನಿಮ್ಮ ಮನೆಯಲ್ಲೂ ಒಂದೊಂದು ಕಾಲಕ್ಕೆ ಒಂದೊಂದು ವಾಸನೆ ಇದ್ದಿರಬೇಕು. ಮಗಳು ಹುಟ್ಟಿದಾಗ ನಮ್ಮ ಮನೆ ತುಂಬ ಬಜೆ, ಲೋಬಾನ. ಅವಳು ಹೈಸ್ಕೂಲಿನಲ್ಲಿದ್ದಾಗ ಸುಟ್ಟ ಪಾಪ್‌ಕಾರ್ನು. ಆಮೇಲೆ ಕೆಲವು ಚಳಿಗಾಲ ಪೂರ್ತಿ ಈ ಮುಲಾಮು. ದಿಂಬು, ಸೋಫಾ, ಕಾರಿನ ಸೀಟು, ಎಲ್ಲ ಕಡೆ ಅದೇ. ಕಡೆಗೆ ನಾನು ಕಲಸಿದ ಚಪಾತಿ ಹಿಟ್ಟಿನಲ್ಲೂ ಅದೇ ವಾಸನೆ, ಯಾಕೆಂದರೆ ಕತ್ತಿಗೆ ಉಜ್ಜುವವಳೂ ನಾನೇ, ಹಿಟ್ಟು ಕಲಸುವವಳೂ ನಾನೇ.

"ಇವರು" ಅಂದರೆ ನಮ್ಮ ಯಜಮಾನರು ಎಂದು ಬಿಡಿಸಿ ಹೇಳಬೇಕಿಲ್ಲ. ಹೆಸರು ಸಿದ್ದೇಶ. ಈ ದೇಶಕ್ಕೆ ಬಂದು ತಲೆ ನೆರೆತರೂ ಅವರನ್ನು ಹೆಸರು ಹಿಡಿದು ಕರೆಯಲು ನನಗೆ ನಾಲಿಗೆ ಏಳುವುದಿಲ್ಲ. ಡಾಕ್ಟರ ಆಫೀಸಿನ ಹುಡುಗಿ "ಪೇಷೆಂಟ್ ನೇಮ್?" ಅಂದಾಗ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ, ಪಕ್ಕದ ಮನೆಯವರದ್ದು ಹೇಳಿದ ಹಾಗೆ. ದಾವಣಗೆರೆಯವರು ನಾವಿಬ್ಬರೂ. ಇವರು ಸೇತುವೆಗಳ ಲೆಕ್ಕ ಹಾಕುವ ಎಂಜಿನಿಯರಾಗಿದ್ದವರು. ಕೆಲಸದಲ್ಲಿದ್ದಷ್ಟು ಕಾಲ ಮ್ಯಾನ್‌ಹಾಟನ್ನಿನಿಂದ ನದಿ ದಾಟಿದರೆ ಸಿಗುವ ಫೋರ್ಟ್ ಲೀಯಲ್ಲಿ ಎತ್ತರದ ಕಟ್ಟಡದೊಳಗಿದ್ದೆವು. ಆಗ ಹಿಮ ಅಂದರೆ ಕಿಟಕಿಯಿಂದ ನೋಡಿ "ಎಷ್ಟು ಚೆನ್ನಾಗಿದೆ ಅಲ್ವಾ" ಅನ್ನುವ ವಸ್ತು. ರಿಟೈರ್ ಆಗುವ ಹೊತ್ತಿಗೆ ಇವರಿಗೆ ಅದೇನು ಹುಚ್ಚು ಹತ್ತಿತೋ, ಕಾಲ ಕೆಳಗೆ ಮಣ್ಣು ಬೇಕು ಅಂದರು. ಸಸೆಕ್ಸ್ ಕೌಂಟಿಯ ಗುಡ್ಡದ ಮೇಲೆ ಈ ಮನೆ ಕೊಂಡೆವು. ಮನೆ ಸಣ್ಣದು, ಡ್ರೈವ್‌ವೇ ಮಾತ್ರ ಮೆರವಣಿಗೆ ಹೋಗುವಷ್ಟು ಉದ್ದ. ಗರಾಜಿನಿಂದ ಇಳಿದು, ನಡುವೆ ಒಂದು ತಿರುವು ತಿರುಗಿ, ಕೆಳಗೆ ಮೇಲ್‌ಬಾಕ್ಸಿನ ಹತ್ತಿರ ರಸ್ತೆ ಸೇರುತ್ತದೆ. ಮನೆ ಮಾರಿದ ಮುದುಕ ತನ್ನ ಮಾಸಿದ ನೀಲಿ ಟ್ರ್ಯಾಕ್ಟರನ್ನೂ ಅದರ ಹಿಂದೆ ಸಿಕ್ಕಿಸಿದ್ದ ಸ್ನೋ ಬ್ಲೋವರನ್ನೂ ನಮಗೇ ಬಿಟ್ಟುಹೋದ. ಎಂಥ ಉದಾರಿ ಅಂದುಕೊಂಡೆವು. ಮೊದಲನೇ ಚಳಿಗಾಲ ಕಳೆದ ಮೇಲೆ ಅವನ ಉದಾರತೆ ನನಗೆ ಅರ್ಥವಾಯಿತು.

ಆ ಯಂತ್ರ ನೋಡದವರಿಗೆ ಸ್ವಲ್ಪ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಅಡ್ಡಡ್ಡ ಅಗಲವಾದ ಒಂದು ಕಬ್ಬಿಣದ ಬಾಯಿ. ಬಾಯೊಳಗೆ ಸುರುಳಿ ಅಲಗು. ಅದು ತಿರುಗುತ್ತ ಹಿಮವನ್ನು ಎರಡೂ ಕಡೆಯಿಂದ ನಡುವಿಗೆ ಎಳೆಯುತ್ತದೆ. ನಡುವೆ ಇರುವ ಫ್ಯಾನು ಅದನ್ನು ಎತ್ತಿ ಮೇಲಿನ ಕೊಳವೆಯಿಂದ ದೂರ ಎಸೆಯುತ್ತದೆ. ಆ ಕೊಳವೆಗೆ ನಮ್ಮ ಮನೆಯಲ್ಲಿ ಸೊಂಡಿಲು ಎಂದೇ ಹೆಸರು. ಇಷ್ಟೆಲ್ಲ ತಿರುಗುವುದಕ್ಕೆ ಎಂಜಿನ್ನಿನ ಬಲ ಬೇಕಲ್ಲ, ಆ ಬಲ ಕೊಡುವ ಶಾಫ್ಟು, ಅಂದರೆ ತಿರುಗುವ ದಂಡ, ಹಳೇ ಟ್ರ್ಯಾಕ್ಟರುಗಳಲ್ಲಿ ಇರುವುದು ಬೆನ್ನ ಹಿಂದೆ. ಅದಕ್ಕೇ ಬ್ಲೋವರೂ ಹಿಂದೆ. ಬ್ಲೋವರ್ ಹಿಂದಿದ್ದರೆ ಹಿಮ ಎತ್ತುವುದು ಹೇಗೆ? ರಿವರ್ಸಿನಲ್ಲಿ! ಗರಾಜಿನಿಂದ ರಸ್ತೆಯವರೆಗೆ ಇಡೀ ದಾರಿ ಹಿಂದುಮುಂದಾಗಿ ಹೋಗಬೇಕು, ಮೈ ಮುಂದಕ್ಕೆ, ಮುಖ ಹಿಂದಕ್ಕೆ. ಯಾರು ಈ ಬುದ್ಧಿವಂತಿಕೆ ಮಾಡಿದರೋ, ಅವರ ಕತ್ತು ಒಂದು ದಿನ ಹಾಗೆ ತಿರುಗಿ ನಿಲ್ಲಲಿ ಎಂದು ನಾನು ಎಷ್ಟೋ ಸಲ ಶಾಪ ಹಾಕಿದ್ದೇನೆ.

ತಿರುಗಿ ನಿಂತದ್ದು ಇವರ ಕತ್ತು. ಮೊದಮೊದಲು ಹಿಮ ಬಿದ್ದ ದಿನ ಮಾತ್ರ ನೋವು, ಆಮೇಲೆ ಬೀಳದ ದಿನವೂ ನೋವು. ಡಾಕ್ಟರು ಚಿತ್ರ ತೆಗೆಸಿ ನೋಡಿ, ಕತ್ತಿನ ಮೂಳೆ ಸವೆದಿದೆ, ಹೀಗೆ ತಿರುಚೋದನ್ನ ನಿಲ್ಲಿಸಿ ಅಂದರು. ಇವರು ಡಾಕ್ಟರಿಗೆ ಹೂಂ ಅಂದರು, ಮನೆಗೆ ಬಂದು ಟ್ರ್ಯಾಕ್ಟರ್ ಹತ್ತಿದರು. ಆ ಕಾಲದಲ್ಲಿ ಕನ್ನಡ ಕೂಟಕ್ಕೆ ಹೋದರೆ ಯಾರಾದರೂ ಪಕ್ಕದಿಂದ ಮಾತಾಡಿಸಿದಾಗ ಇವರು ಕತ್ತು ತಿರುಗಿಸುತ್ತಿರಲಿಲ್ಲ, ಇಡೀ ಮೈಯನ್ನೇ ನಿಧಾನಕ್ಕೆ ಆ ಕಡೆ ತಿರುಗಿಸಿ "ಏನಂದ್ರಿ?" ಅನ್ನುತ್ತಿದ್ದರು. ಮನ್ರೋದಲ್ಲಿರುವ ನನ್ನ ಗೆಳತಿ ಶಕುಂತಲಾ "ನಿಮ್ಮೆಜಮಾನ್ರು ಇತ್ತೀಚೆಗೆ ಏನು ಗಂಭೀರ ಆಗಿಬಿಟ್ಟಿದಾರೆ ಕಣೆ, ಮಂತ್ರಿಗಳ ಥರ" ಅಂದಳು. ನಾನೂ ಮುಸಿಮುಸಿ ನಕ್ಕೆ. ಬಲಗಡೆ ಕತ್ತು ಅರ್ಧವೂ ತಿರುಗುವುದಿಲ್ಲ ಅನ್ನುವುದನ್ನು ಇವರು ಯಾರಿಗೂ ಹೇಳಿರಲಿಲ್ಲ, ನನಗೂ.

ಒಂದು ಫೆಬ್ರವರಿ ಬೆಳಿಗ್ಗೆ. ಇವರು ಹಿಮ ಎತ್ತಲು ಇಳಿದಿದ್ದರು, ಫೋನು ಅಡುಗೆಮನೆಯಲ್ಲೇ ಬಿಟ್ಟಿದ್ದರು. ಅದು ಬಡಿದುಕೊಳ್ಳತೊಡಗಿತು. ಮಗಳು. ಅವಳು ಆ ಹೊತ್ತಿಗೆ ಮಾಡುವವಳಲ್ಲ, ಏನೋ ಏನೋ ಎಂದು ಗಾಬರಿಯಾಗಿ, ಬೂಟು ತುರುಕಿಕೊಂಡು ಫೋನು ಹಿಡಿದು ಓಡಿದೆ. ತಿರುವಿನ ಅಂಚಿನಲ್ಲಿ ನಿಂತು ಕೈ ಬೀಸಿದೆ, ಕೂಗಿದೆ. ಆ ಎಂಜಿನ್ನಿನ ಅಬ್ಬರದಲ್ಲಿ ನನ್ನ ಕೂಗು ಯಾರಿಗೆ ಕೇಳಬೇಕು? ಬ್ಲೋವರ್ ನನ್ನ ಕಡೆಗೇ ಬರುತ್ತಿತ್ತು. ಪಕ್ಕಕ್ಕೆ ಸರಿಯೋಣವೆಂದರೆ ಹಿಂದೆ ಮೊಣಕಾಲುದ್ದ ಹಿಮದ ದಿಂಡು, ಬೂಟು ಅದರೊಳಗೆ ಹೂತುಕೊಂಡಿತು. ನೋಡಿದ್ದಾರೆ, ಈಗ ನಿಲ್ಲಿಸುತ್ತಾರೆ, ಈಗ ನಿಲ್ಲಿಸುತ್ತಾರೆ ಎಂದುಕೊಳ್ಳುತ್ತಲೇ ಇದ್ದೆ. ಆ ಸುರುಳಿ ಅಲಗಿನ ಮೇಲೆ ಹಿಮದ ನೀರು ಹರಿಯುವುದು ಕಾಣುವಷ್ಟು ಹತ್ತಿರ ಬಂತು. ಟಪ್ ಎಂದು ಏನೋ ಸದ್ದಾಯಿತು. ಟ್ರ್ಯಾಕ್ಟರ್ ನಿಂತಿತು.

ಇವರು ಇಳಿದು ಹಿಂದೆ ಬಂದರು. ನನ್ನನ್ನು ಕಂಡರು. ಮುಖದಲ್ಲಿ ರಕ್ತವೇ ಇರಲಿಲ್ಲ. ಆಮೇಲೆ ಇವರೇ ಅಂದರು, "ನೋಡಿದ್ದೆ. ಅದಕ್ಕೇ ನಿಲ್ಲಿಸ್ದೆ."

"ಇನ್ನೊಂದು ಸ್ವಲ್ಪ ಮೊದಲೇ ನಿಲ್ಲಿಸೋಕೆ ಏನಾಗಿತ್ತು ನಿಮಗೆ?" ಎಂದು ಬೈದು, ಫೋನು ಕೈಗೆ ತುರುಕಿ ಒಳಗೆ ಬಂದೆ. ಮಗಳು ಮಾಡಿದ್ದು ಸಾರಿನ ಪುಡಿಗೆ ಮೆಂತ್ಯ ಎಷ್ಟು ಹಾಕಬೇಕೆಂದು ಕೇಳುವುದಕ್ಕೆ. ಅವತ್ತೆಲ್ಲ ಆ ಅಲಗೇ ಕಣ್ಣ ಮುಂದೆ ಬರುತ್ತಿತ್ತು. ಆದರೂ ನೋಡಿದ್ದೆ ಅಂದರಲ್ಲ, ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವತ್ತಿನಿಂದ ಇವರು ಒಂದು ಕಾನೂನು ತಂದರು, ಎಂಜಿನ್ ಸದ್ದು ಇರುವವರೆಗೆ ನಾನು ಬಾಗಿಲು ತೆಗೆಯಕೂಡದು. ಆ ವರ್ಷ ಉಳಿದ ಹಿಮವನ್ನೆಲ್ಲ ಎತ್ತುವಾಗ ನಾಲ್ಕು ಮಾರಿಗೊಮ್ಮೆ ನಿಲ್ಲಿಸಿ ಇಳಿದು ಹಿಂದೆ ನೋಡುತ್ತಿದ್ದರು. ನೀವೇ ಹೇಳಿ, ಹೀಗೂ ಉಂಟೆ?

ಮಾರ್ಚಿನಲ್ಲಿ ನಾನು ಪಟ್ಟು ಹಿಡಿದೆ. ಸಾಕು, ಟ್ರ್ಯಾಕ್ಟರ್ ಮಾರಿ, ಮನೆ ಮಾರಿ, ಮನ್ರೋಗೆ ಹೋಗೋಣ. ಅಲ್ಲಿ ಹಿಮ ಬಿದ್ದರೆ ಅಸೋಸಿಯೇಷನ್ನಿನವರೇ ಬಂದು ಬಳಿಯುತ್ತಾರೆ, ಶಕುಂತಲಾ ಕಾಫಿ ಕುಡಿಯುತ್ತ ನೋಡುತ್ತಾಳೆ. ಅವಳ ಬೀದಿಯಲ್ಲೇ ಒಂದು ಮನೆ ಖಾಲಿ ಇತ್ತು, ಅಡುಗೆಮನೆ ಕೂಡ ನೋಡಿಕೊಂಡು ಬಂದಿದ್ದೆ. ಯಾರಿಗಾದರೂ ಕಾಂಟ್ರಾಕ್ಟ್ ಕೊಡಬಹುದಿತ್ತಲ್ಲ ಅನ್ನುತ್ತೀರಿ. ಕೊಟ್ಟಿದ್ದೆವು ಸ್ವಾಮಿ, ಒಂದು ವರ್ಷ. ಆ ಪುಣ್ಯಾತ್ಮ ಹಿಮವೆಲ್ಲ ಕರಗಿದ ಮೇಲೆ ಬಂದು ಹುಲ್ಲು ಕೆತ್ತಿಕೊಂಡು ಹೋಗುತ್ತಿದ್ದ.

"ಮಾರೋದು ಬೇಡ," ಅಂದರು ಇವರು. "ಬ್ಲೋವರನ್ನ ಮುಂದಕ್ಕೆ ಹಾಕ್ತೀನಿ."

"ಮುಂದಕ್ಕೆ ಹಾಕ್ತೀನಿ ಅಂದ್ರೆ? ಮುಂದಿನ ವರ್ಷಕ್ಕಾ?"

ನಾನು ತಮಾಷೆಗೆ ಕೇಳಿದ್ದಲ್ಲ. ನಮ್ಮ ಮಾತಿನಲ್ಲಿ ಮುಂದಕ್ಕೆ ಹಾಕುವುದು ಅಂದರೆ ಮದುವೆ ಮುಂದಕ್ಕೆ ಹಾಕುವುದು, ಪ್ರಯಾಣ ಮುಂದಕ್ಕೆ ಹಾಕುವುದು. ಮನೆ ಮಾರುವ ಮಾತು ಬಂದಾಗಲೆಲ್ಲ ಇವರು ಅದನ್ನೇ ಮಾಡುತ್ತಿದ್ದರು. ಈ ಸಲ ಅವರು ನಿಜವಾಗಿಯೂ ಕಬ್ಬಿಣದ ವಿಷಯ ಹೇಳುತ್ತಿದ್ದರು. ಹಿಂದಿನಿಂದ ಬಿಚ್ಚಿ, ಅರ್ಧ ಸುತ್ತು ತಿರುಗಿಸಿ, ಟ್ರ್ಯಾಕ್ಟರಿನ ಮೂಗಿನ ಮುಂದೆ ಕೂರಿಸುವುದು. ಹಿಂದಿನ ಶಾಫ್ಟಿನ ಬಲವನ್ನು ಹೊಟ್ಟೆಯ ಕೆಳಗಿಂದ ಇನ್ನೊಂದು ಉದ್ದ ಶಾಫ್ಟಿನಲ್ಲಿ ಮುಂದಕ್ಕೆ ಒಯ್ಯುವುದು. ಆಮೇಲೆ ಮನುಷ್ಯರ ಹಾಗೆ ಮುಂದೆ ನೋಡಿಕೊಂಡು ಹೋಗಬಹುದು.

ನಾನೊಂದು ಕರಾರು ಹಾಕಿದೆ. ಮೊದಲನೇ ಹಿಮಕ್ಕೆ ಅದು ಕೆಲಸ ಮಾಡಲಿಲ್ಲವೋ, ಟ್ರ್ಯಾಕ್ಟರೂ ಹೋಗಬೇಕು, ಮನೆಯೂ ಹೋಗಬೇಕು, ಮತ್ತೆ ಮಾತಿಲ್ಲ. ಜಗಳ ಆಡುತ್ತಾರೆ ಅಂದುಕೊಂಡಿದ್ದೆ. ಆಗಲಿ ಎಂದು ಒಂದೇ ಮಾತಿಗೆ ಒಪ್ಪಿಬಿಟ್ಟರು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಒಬ್ಬರೇ ಮಾಡುವ ಕೆಲಸವಲ್ಲ. ಹಿಕ್ಸ್‌ವಿಲ್‌ನಿಂದ ಬಸವರಾಜ್ ಬಂದರು. ಗದಗಿನವರು, ಇವರ ಕಾಲೇಜು ಗೆಳೆಯ. ದಿನಾ ರೈಲಿನಲ್ಲಿ ಮ್ಯಾನ್‌ಹಾಟನ್ನಿಗೆ ಕಮ್ಯೂಟ್ ಮಾಡಿ, ದೊಡ್ಡ ದೊಡ್ಡ ಕಟ್ಟಡಗಳ ಲಿಫ್ಟುಗಳ ಎಂಜಿನಿಯರಾಗಿ ರಿಟೈರ್ ಆದವರು. ರಿಟೈರ್ ಆದ ಮೇಲೆ ಅವರ ಮನೆಯವರು ಅವರನ್ನು ಬೇಸ್‌ಮೆಂಟಿನ ವರ್ಕ್‌ಶಾಪಿಗೆ ಅಟ್ಟಿದ್ದರು. ಹೀಗೊಂದು ಕೆಲಸವಿದೆ ಎಂದದ್ದೇ ತಡ, ಕಾರಿನ ಡಿಕ್ಕಿಯಲ್ಲಿ ವೆಲ್ಡಿಂಗ್ ಸಾಮಾನು, ಅದರ ಮೇಲೆ ಬಟ್ಟೆಯಲ್ಲಿ ಸುತ್ತಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಹಾಕಿಕೊಂಡು ಎರಡು ಸೇತುವೆ ದಾಟಿ ಬಂದರು.

"ಏನ್ ವೈನಿ, ಆರಾಮ್ ಇದ್ದೀರಿಲ್ಲೋ? ಇಂವಾ ಕತ್ತು ಮುರ್ಕೊಂಡು ಕುಂತಾನಂತಲ್ಲ."

"ನೀವಾದ್ರೂ ಬುದ್ಧಿ ಹೇಳಿ ಬಸವರಾಜ್."

"ಬುದ್ಧಿ ಹೇಳಾಕ ಬಂದಿಲ್ರೀ, ಬ್ಲೋವರ್ ತಿರುಗ್ಸಾಕ ಬಂದೀನಿ. ಅದೇನ್ ದೊಡ್ಡ ಮಾತಲ್ಲ ಬಿಡ್ರಿ."

ದೊಡ್ಡ ಮಾತಲ್ಲದ್ದು ಬೇಸಿಗೆ ಪೂರ್ತಿ ಹಿಡಿಯಿತು. ನನ್ನ ಕಾರು ಗರಾಜಿನಿಂದ ಹೊರಬಿತ್ತು. ಟೊಮೆಟೊ ಗಿಡಗಳ ಮೇಲೆ ಕಬ್ಬಿಣದ ಪುಡಿ ಕೂತಿತು. ನನ್ನ ಒಳ್ಳೇ ಚಮಚಗಳು ಗ್ರೀಸಿನ ಡಬ್ಬಿಯಲ್ಲಿ ಸಿಕ್ಕವು. ಟ್ರ್ಯಾಕ್ಟರಿನ ಹೊಟ್ಟೆಯ ಕೆಳಗೆ ಚೌಕಟ್ಟು ಕಟ್ಟಿದರು, ಮುಂದೆ ಭಾರ ಹೆಚ್ಚಾಗಿ ಹಿಂದಿನ ಚಕ್ರ ಜಾರುತ್ತದೆಂದು ಹಿಂದೆ ಕಾಂಕ್ರೀಟಿನ ದಿಮ್ಮಿ ಕಟ್ಟಿದರು, ಬಿಚ್ಚಿದರು, ಮತ್ತೆ ಕಟ್ಟಿದರು. ಇಬ್ಬರೂ ಕೆಳಗೆ ಮಲಗಿಕೊಂಡು, ನಾಲ್ಕು ಕಾಲು ಮಾತ್ರ ಹೊರಗೆ ಚಾಚಿಕೊಂಡು, ಲೋಕದ ರಾಜಕೀಯವನ್ನೆಲ್ಲ ಮಾತಾಡುತ್ತಿದ್ದರು. ನಾನು ಆ ಕಾಲುಗಳ ಹತ್ತಿರ ಚಹಾ ಇಟ್ಟು ಬರುತ್ತಿದ್ದೆ. ಇವರು ನಗುವುದು ಕೇಳಿ ಬಹಳ ದಿನವಾಗಿತ್ತು, ಅದೊಂದಕ್ಕೆ ಸುಮ್ಮನಿದ್ದೆ.

ಸೆಪ್ಟೆಂಬರಿನಲ್ಲಿ ಒಂದು ಫೋನ್ ಮಾತುಕತೆ ನಡೆಯಿತು. ನಾನು ಅಲ್ಲೇ ಬೀನ್ಸ್ ಹೆಚ್ಚುತ್ತಿದ್ದೆ. ಹಿಂದಿನ ಶಾಫ್ಟಿನಿಂದ ಕೆಳಗಿನ ಉದ್ದ ಶಾಫ್ಟಿಗೆ ಬಲ ಇಳಿಸುವ ಪೆಟ್ಟಿಗೆಯನ್ನು ಬಸವರಾಜ್ ತಮ್ಮ ಬೇಸ್‌ಮೆಂಟಿನಲ್ಲಿ ಮಾಡುತ್ತಿದ್ದರು. ಅವರಿಗೆ ಟ್ರ್ಯಾಕ್ಟರಿನ ಶಾಫ್ಟು ಯಾವ ಕಡೆ ತಿರುಗುತ್ತದೆ, ಬ್ಲೋವರಿನದು ಯಾವ ಕಡೆ ತಿರುಗಬೇಕು ಎಂದು ಗೊತ್ತಾಗಬೇಕಿತ್ತು. ಇಬ್ಬರೂ ಕನ್ನಡ ಮೀಡಿಯಂ. ಗಡಿಯಾರದ ಮುಳ್ಳು ತಿರುಗುವ ಕಡೆಗೆ ಇಬ್ಬರ ಬಾಯಲ್ಲೂ ಬರುವ ಮಾತು ಪ್ರದಕ್ಷಿಣೆ.

"ಟ್ರ್ಯಾಕ್ಟರಿಂದು ಹಿಂದೆ ನಿಂತು ನೋಡಿದೆ, ಪ್ರದಕ್ಷಿಣೆ," ಅಂದರು ಇವರು.

"ಬ್ಲೋವರಿಂದು?" ಸ್ಪೀಕರಿನಲ್ಲಿ ಬಸವರಾಜ್.

"ಬಿಚ್ಚೋಕೆ ಮುಂಚೆ ಅದರ ಬಾಯಿ ಕಡೆಯಿಂದ ನೋಡಿ ಗುರುತು ಹಾಕ್ಕೊಂಡಿದೀನಿ. ಅದೂ ಪ್ರದಕ್ಷಿಣೆ."

"ಎರಡೂ ಪ್ರದಕ್ಷಿಣಿ! ಹಂಗಾರ ಛಲೋ ಆತು. ಚೈನ್ ಹಾಕಿದ್ರ ಮುಗೀತು, ಮ್ಯಾಲಿಂದು ಹೆಂಗ ತಿರುಗತೈತಿ ಕೆಳಗಿಂದೂ ಹಂಗ ತಿರುಗತೈತಿ."

ಜೀವಮಾನವೆಲ್ಲ ಒಬ್ಬರು ಸೇತುವೆ ನಿಲ್ಲಿಸಿದವರು, ಇನ್ನೊಬ್ಬರು ಲಿಫ್ಟು ಏರಿಸಿ ಇಳಿಸಿದವರು. ಇಬ್ಬರಿಗೂ ಇದರಲ್ಲಿ ತಪ್ಪು ಕಾಣಲಿಲ್ಲ. ನನಗಂತೂ ಕಾಣುವ ಮಾತೇ ಇಲ್ಲ, ನಾನು ಬೀನ್ಸ್ ನೋಡುತ್ತಿದ್ದೆ. ಅಕ್ಟೋಬರಿನಲ್ಲಿ ಎಲ್ಲ ಕೂಡಿಸಿ ಗರಾಜಿನೊಳಗೇ ಎಂಜಿನ್ ಹಚ್ಚಿ ನೋಡಿದರು. ಅಲಗು ತಿರುಗಿತು, ಫ್ಯಾನು ತಿರುಗಿತು. ತಿರುಗಿತಲ್ಲ ಅನ್ನುವುದೇ ಸಂಭ್ರಮ, ಯಾವ ಕಡೆ ಎಂದು ಯಾರು ನೋಡಬೇಕು? ಇಬ್ಬರೂ ಮಕ್ಕಳ ಹಾಗೆ ಕೈ ಕುಲುಕಿಕೊಂಡರು.

ಡಿಸೆಂಬರಿನಲ್ಲಿ ಮೊದಲ ಹಿಮ ಬಿತ್ತು, ಚೆನ್ನಾಗಿಯೇ ಬಿತ್ತು. ಬಸವರಾಜ್ ಹಿಂದಿನ ದಿನವೇ ಬಂದು ಉಳಿದಿದ್ದರು. ಬೆಳಿಗ್ಗೆ ಗರಾಜಿನ ಬಾಗಿಲು ತೆರೆದರೆ ಕಣ್ಣು ಕುಕ್ಕುವ ಬಿಳುಪು. ಹೊಸದಾಗಿ ಕಟ್ಟಿದ್ದು, ಹಾಗೇ ಹೊರಡಿಸುವುದುಂಟೆ? ಟಯರಿನ ಕೆಳಗೆ ನಿಂಬೆಹಣ್ಣು ಇಟ್ಟೆ, ಬ್ಲೋವರಿನ ತುಟಿಗೆ ಕುಂಕುಮ ಹಚ್ಚಿದೆ. ಇವರು ಸೀಟಿನಲ್ಲಿ ಕೂತಿದ್ದರು. ನಾನು ಎದುರಿಗೆ ನಿಂತು ಆರತಿ ಬೆಳಗಿದೆ.

ಇವರಿಗೆ ಒಳಗೊಳಗೇ ದಿಗಿಲು. ದಿಗಿಲಾದರೆ ನನ್ನಲ್ಲಿ ತಪ್ಪು ಹುಡುಕುವುದು ಇವರ ಹಳೇ ಅಭ್ಯಾಸ. "ಏಯ್, ಉಲ್ಟಾ ಬೆಳಗ್ತಾ ಇದೀಯಲ್ಲೇ!"

"ಅಲ್ಲಿ ಕೂತ್ಕೊಂಡು ನೋಡಿದ್ರೆ ಉಲ್ಟಾನೇ ಕಾಣೋದು. ಇಲ್ಲಿ ಬಂದು ನಿಂತ್ಕೊಂಡು ನೋಡಿ, ಸರಿಯಾಗಿದೆ," ಎಂದು ನಾನೂ ಬಿಡದೆ ಹೇಳಿದೆ. ಬಸವರಾಜ್ ನಕ್ಕರು.

ಎಂಜಿನ್ ಹಚ್ಚಿದರು. ಹೊರಟಿತು. ಕತ್ತು ನೆಟ್ಟಗೆ, ಮುಖ ಮುಂದಕ್ಕೆ, ಇವರು ಕೂತ ಭಂಗಿ ನೋಡಿ ನನಗೇ ಹೆಮ್ಮೆಯಾಯಿತು. ಬ್ಲೋವರ್ ಹಿಮಕ್ಕೆ ಬಾಯಿ ಹಾಕಿತು. ಸೊಂಡಿಲಿನ ತುದಿ ನೋಡುತ್ತ ನಿಂತೆವು. ಏನೂ ಬರಲಿಲ್ಲ. ಗರಗರ ಎಂದು ಅಲಗು ತಿರುಗುತ್ತಿತ್ತು, ಹಿಮ ನಡುವಿಗೆ ಹೋಗುವ ಬದಲು ಎರಡೂ ಪಕ್ಕಕ್ಕೆ ಸರಿದು ಗುಡ್ಡೆ ಬೀಳುತ್ತಿತ್ತು. ಸೊಂಡಿಲಿನಿಂದ ಒಂದು ಹಿಡಿ ಪುಡಿ ಉದುರಿತು, ಕಡುಬಿಗೆ ಉದುರಿಸುವ ಕೊಬ್ಬರಿಯಷ್ಟು. ಹಿಂದಕ್ಕೆ ತಂದರು, ಮತ್ತೆ ನುಗ್ಗಿಸಿದರು. ಅದೇ ಕಥೆ. ಎಂಜಿನ್ ಆರಿಸಿದರು. ಬಸವರಾಜ್ "ಎಲ್ಲೋ ಕಟ್ಕೊಂಡೈತಿ, ಬ್ಯಾಟರಿ ತರ್ತೀನಿ ತಡಿ" ಎಂದು ಟಾರ್ಚು ತರಲು ಗರಾಜಿನೊಳಗೆ ಹೋದರು.

ನಾನು ಟ್ರ್ಯಾಕ್ಟರಿನ ಹತ್ತಿರ ಹೋದೆ. ಗೆದ್ದವಳು ನಾನು, ಕರಾರಿನ ಪ್ರಕಾರ. ಮನ್ರೋದ ಆ ಅಡುಗೆಮನೆ ಕಣ್ಣ ಮುಂದೆ ಬರಬೇಕಿತ್ತು, ಬರಲಿಲ್ಲ. ಇವರು ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದರು.

"ಮಾರಿಬಿಡೋಣ ಕಣೆ," ಅಂದರು. "ನೀನು ಹೇಳಿದ್ದೇ ಸರಿ."

"ಇರಲಿ ಇಳೀರಿ, ಒಳಗೆ ಬನ್ನಿ, ಚಳಿ."

"ಅವತ್ತು ನಾನು ನಿನ್ನ ನೋಡಿರ್ಲಿಲ್ಲ."

ಯಾವತ್ತು ಎಂದು ಕೇಳಲಿಲ್ಲ ನಾನು.

"ಬಲಗಡೆ ಕತ್ತು ತಿರುಗ್ತಿರ್ಲಿಲ್ಲ. ಅಂದಾಜಿನ ಮೇಲೆ ಬರ್ತಿದ್ದೆ. ಪಿನ್ನು ಮುರೀತು, ಅದಕ್ಕೆ ನಿಲ್ಲಿಸ್ದೆ. ಪ್ಲಾಸ್ಟಿಕ್ ಚೀಲದಲ್ಲಿ ಎಸೆದು ಹೋಗ್ತಾರಲ್ಲ ಪೇಪರ್ರು, ಅದು ಹಿಮದೊಳಗೆ ಹೆಪ್ಪುಗಟ್ಟಿ ಕೂತಿತ್ತು. ಅದು ಸಿಕ್ಕಿಹಾಕ್ಕೊಳ್ತು. ಏನಾಯ್ತು ಅಂತ ಇಳಿದು ನೋಡಿದ್ರೆ ನೀನು ನಿಂತಿದೀಯ."

ಪಿನ್ನು ಅಂದರೆ ಒಂದು ಮೆತ್ತನೆಯ ಬೋಲ್ಟು. ಗಟ್ಟಿ ವಸ್ತು ಬಾಯಿಗೆ ಸಿಕ್ಕರೆ ಯಂತ್ರ ಕೆಡದಿರಲಿ ಎಂದು ತಾನೇ ಮುರಿದುಕೊಳ್ಳುತ್ತದೆ. ನಾನು ಕೇಳಿದ ಟಪ್ ಎನ್ನುವ ಸದ್ದು ಅದು. ಯಾರೂ ಓದದ, ಬೇಡವೆಂದರೂ ಎಸೆದುಹೋಗುವ ಜಾಹೀರಾತಿನ ಪೇಪರು. ಟ್ರ್ಯಾಕ್ಟರಿನ ಮೆಟ್ಟಿಲು ಹಿಡಿದುಕೊಂಡೆ. ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಸುಳ್ಳು ಹೇಳಿದರಲ್ಲ ಎಂದಲ್ಲ. ಇಷ್ಟು ತಿಂಗಳು ಈ ಮನುಷ್ಯ ಇದನ್ನು ಒಬ್ಬರೇ ಹೊಟ್ಟೆಯೊಳಗೆ ಇಟ್ಟುಕೊಂಡು, ನನ್ನೆದುರಿಗೆ ಊಟ ಮಾಡಿದರು, ಕತ್ತಿಗೆ ಮುಲಾಮು ಹಚ್ಚಿಸಿಕೊಂಡರು, ನಾನು ಟ್ರ್ಯಾಕ್ಟರಿನ ಹುಚ್ಚು ಎಂದು ಬೈದಾಗಲೆಲ್ಲ ಬೈಸಿಕೊಂಡರು. ಇವರಿಗೆ ಬೇಕಾಗಿದ್ದು ಟ್ರ್ಯಾಕ್ಟರ್ ಅಲ್ಲವೇ ಅಲ್ಲ. ಎಂಜಿನ್ ಹಚ್ಚಿದಾಗ ನಾನು ಎಲ್ಲಿದ್ದೇನೋ ಎಂದು ಜೀವ ಹಿಡಿದುಕೊಂಡು ಕೂರದೆ ಇರುವುದು ಬೇಕಾಗಿತ್ತು. ಮನ್ರೋಗೆ ಹೋದರೆ ಹಿಮ ಎತ್ತುವುದು ತಪ್ಪುತ್ತದೆ, ಆ ಬೆಳಿಗ್ಗೆಯನ್ನು ಇವರು ಅಲ್ಲಿಗೂ ಹೊತ್ತುಕೊಂಡೇ ಬರುತ್ತಾರೆ.

ಅಳು ಬಂತು, ಅತ್ತೆ. ಇವರೂ ಅತ್ತರು. ಆ ಚಳಿಯಲ್ಲಿ ಮೂಗು ಒರೆಸಿಕೊಳ್ಳುತ್ತ ಅಂದೆ, "ಮಾರೋದು ಆಮೇಲೆ ನೋಡೋಣ. ಮೊದಲು ಇದು ಯಾಕೆ ತಿರುಗ್ತಿಲ್ಲ ಹೇಳಿ."

"ತಿರುಗ್ತಿದೆ ಕಣೆ. ಎಸೀತಿಲ್ಲ."

"ಏನೋ ಒಂದು."

ಒಳಗೆ ಬಂದು ಚಹಾ ಮಾಡಿದೆ. ಬಸವರಾಜ್ ನಮ್ಮಿಬ್ಬರ ಕೆಂಪು ಕಣ್ಣು ನೋಡಿ, ಬ್ಲೋವರಿಗಾಗಿ ಇಷ್ಟು ಅಳುವವರನ್ನು ಎಲ್ಲೂ ಕಂಡಿಲ್ಲ ಅನ್ನುವ ಹಾಗೆ ಸುಮ್ಮನೆ ರೊಟ್ಟಿ ಮುರಿಯುತ್ತ ಕೂತರು. ಟೇಬಲ್ಲಿನ ಮೇಲೆ ಒಂದು ಲೋಟ ಇಟ್ಟು ಟ್ರ್ಯಾಕ್ಟರ್ ಎಂದರು, ಸಕ್ಕರೆ ಡಬ್ಬಿ ಬ್ಲೋವರ್ ಎಂದರು. ಬೆರಳು ತಿರುಗಿಸಿದರು. "ಇದೂ ಪ್ರದಕ್ಷಿಣಿ, ಅದೂ ಪ್ರದಕ್ಷಿಣಿ. ಮತ್ತೇನಾಗೇತಿ ಇದಕ್ಕ ಧಾಡಿ?" ಇದ್ದಕ್ಕಿದ್ದಂತೆ ಬೆರಳು ಗಾಳಿಯಲ್ಲೇ ನಿಂತಿತು.

"ವೈನಿ, ಆರತಿ ಮಾಡೂ ಮುಂದ ಇವಗ ಏನಂದ್ರಿ?"

"ಏನಂದೆ? ಅಲ್ಲಿಂದ ಉಲ್ಟಾ ಕಾಣುತ್ತೆ, ಇಲ್ಲಿಂದ ಸರಿಯಾಗಿದೆ ಅಂದೆ."

"ಯವ್ವಾ!" ಎಂದು ಹಣೆ ಬಡಿದುಕೊಂಡರು. "ಏ ಸಿದ್ದೂ, ಲೇ, ಹಿಂದ ನಿಂತು ನೋಡಿದ ಪ್ರದಕ್ಷಿಣಿ ಮುಂದ ನಿಂತು ನೋಡಿದ್ರ ಅಪ್ರದಕ್ಷಿಣಿ ಆಗತೈತೋ! ಬ್ಲೋವರ್ ತಿರುಗ್ಸಿ ಮುಂದ ಇಟ್ವಿ, ಶಾಫ್ಟ್ ಮಾತ್ರ ಹಳೇ ಕಡಿಗೇ ಸುತ್ತಾಕ ಹತ್ತೇತಿ!"

ಇವರು ಲೋಟ ನೋಡಿದರು, ಡಬ್ಬಿ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದರು. ಇಬ್ಬರು ಎಂಜಿನಿಯರುಗಳು ಬೇಸಿಗೆಯೆಲ್ಲ ಆ ಟ್ರ್ಯಾಕ್ಟರಿಗೆ ಪ್ರದಕ್ಷಿಣೆ ಹಾಕಿದ್ದರು, ಎದುರಿಗೆ ನಿಂತು ನೋಡುವುದೊಂದು ಬಿಟ್ಟು. ನಾನೇನೂ ಕಂಡುಹಿಡಿಯಲಿಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ. ನಾನು ಜಗಳ ಆಡಿದೆ ಅಷ್ಟೆ, ಅದು ಉಪಯೋಗಕ್ಕೆ ಬಂತು.

ರಿಪೇರಿ ಸುಲಭವಾಗಿತ್ತು. ಚೈನಿನಿಂದ ಕಟ್ಟಿದ ಎರಡು ಚಕ್ರ ಒಂದೇ ಕಡೆ ತಿರುಗುತ್ತವೆ, ಹಲ್ಲಿಗೆ ಹಲ್ಲು ಕೂಡಿಸಿದ ಚಕ್ರಗಳು ಒಂದು ಹೀಗೆ ಇನ್ನೊಂದು ಹಾಗೆ. ಬಸವರಾಜ್ ಪೆಟ್ಟಿಗೆಯನ್ನು ಹಿಕ್ಸ್‌ವಿಲ್‌ಗೆ ಒಯ್ದು, ಚೈನು ತೆಗೆದು ಗೇರು ಕೂರಿಸಿಕೊಂಡು ಬಂದರು. ಸಂಕ್ರಾಂತಿಯ ಹೊತ್ತಿಗೆ ಬಿದ್ದ ಹಿಮಕ್ಕೆ ಎಂಜಿನ್ 'ಗುರ್' ಎಂದಿತು, ಬ್ಲೋವರ್ ಒಂದು ತುತ್ತು ನುಂಗಿತು, ಸೊಂಡಿಲಿನಿಂದ ಹಿಮ ಚಿಮ್ಮಿತು ನೋಡಿ, ನನ್ನ ಟೊಮೆಟೊ ಪಾತಿ ದಾಟಿ, ಬೇಲಿ ದಾಟಿ! ಬಸವರಾಜ್ ಗದಗಿಗೇ ಕೇಳಿಸುವ ಹಾಗೆ ಶಿಳ್ಳೆ ಹಾಕಿದರು. ನನಗೆ ಮಾತ್ರ ಶಿಳ್ಳೆ, ಚಪ್ಪಾಳೆ ಯಾವುದೂ ಬರಲಿಲ್ಲ. ಎದೆಯ ಮೇಲೆ ಕೂತಿದ್ದ ಏನೋ ಎದ್ದು ಹೋದಂತಾಗಿ, ಗರಾಜಿನ ಮೆಟ್ಟಿಲ ಮೇಲೆ ಕುಸಿದು ಕೂತು ಸುಮ್ಮನೆ ಉಸಿರಾಡಿದೆ. ಸಮಾಧಾನ ಅಂದರೆ ಹೀಗೆ ಇರುತ್ತದೆಂದು ನನಗೆ ಅವತ್ತೇ ಗೊತ್ತಾದದ್ದು.

ಆ ವರ್ಷವೇ ಇವರು ವ್ಯಾಯಾಮ ಹೇಳಿಕೊಡುವವರ ಹತ್ತಿರ ಹೋಗಲು ಒಪ್ಪಿದರು. ನೋಯುತ್ತದೆ ಎಂದು ಬಾಯಿಬಿಟ್ಟು ಹೇಳಲು ಕಲಿತರು, ಈಗ ಸ್ವಲ್ಪ ಜಾಸ್ತಿಯೇ ಹೇಳುತ್ತಾರೆ. ಕತ್ತು ಬಲಗಡೆಗೂ ಮುಕ್ಕಾಲು ಪಾಲು ತಿರುಗುತ್ತದೆ. ಆದರೂ ಕೂಟಗಳಲ್ಲಿ ಇಡೀ ಮೈ ತಿರುಗಿಸಿಯೇ ಮಾತಾಡುವುದು, ಮಂತ್ರಿಗಿರಿ ರುಚಿ ಹತ್ತಿದೆ. ಮನ್ರೋದ ಆ ಮನೆಗೆ ಬೇರೆ ಯಾರೋ ಬಂದರು. ಶಕುಂತಲಾ ನನ್ನ ಮೇಲೆ ಇನ್ನೂ ಮುನಿಸಿಕೊಂಡಿದ್ದಾಳೆ.

ಫೋನು ಹೇಳಿದ ಹಿಮ ಇವತ್ತು ಬೆಳಿಗ್ಗೆ ಬಂದೇಬಿಟ್ಟಿತ್ತು. ಇವರು ಗರಾಜಿನ ಮುಂದಿನ ಭಾಗ ಎತ್ತಿ, ಕಿಟಕಿಯ ಹತ್ತಿರ ತಂದು ನಿಲ್ಲಿಸಿ, ನನ್ನನ್ನು ಕೈ ಮಾಡಿ ಕರೆದರು. ಹೋದೆ. ಸೀಟಿನಿಂದ ಇಳಿದು, "ಉಳಿದಿದ್ದು ನೀನು ಮಾಡು ಇವತ್ತು," ಅಂದರು.

"ಅಯ್ಯೋ, ನನಗೆಲ್ಲಿ ಬರುತ್ತೆ!"

"ಕಾರು ಓಡಿಸಲ್ವಾ? ಮುಂದೆ ನೋಡ್ಕೊಂಡು ಹೋಗೋದು ತಾನೆ."

ಹತ್ತಿ ಕೂತೆ. ಯಾವುದನ್ನು ಎಳೆಯಬೇಕು, ಯಾವುದನ್ನು ಒತ್ತಬೇಕು, ಎಲ್ಲ ತೋರಿಸಿ ಇವರು ಕೆಳಗೆ ನಡೆದುಹೋದರು, ಮೊಣಕಾಲುದ್ದ ಹಿಮದಲ್ಲಿ, ಮೇಲ್‌ಬಾಕ್ಸಿನವರೆಗೆ. ನಾನು ನಿಧಾನಕ್ಕೆ ಬಿಟ್ಟೆ. ತಿರುವು ದಾಟಿದರೆ ದಾರಿಯ ತುದಿಯಲ್ಲಿ, ನಟ್ಟನಡುವೆ ಇವರು ನಿಂತಿದ್ದಾರೆ, ಎರಡೂ ಕೈ ಎತ್ತಿ ಬಾ ಬಾ ಎಂದು ಕರೆಯುತ್ತ. ನಾನು ಅಷ್ಟು ದೂರದಲ್ಲೇ ನಿಲ್ಲಿಸಿ ಎಂಜಿನ್ ಆರಿಸಿದೆ.

"ಕಾಣ್ತೀನಾ?" ಎಂದು ಕೂಗಿದರು.

ಟೋಪಿಯಿಂದ ಬೂಟಿನವರೆಗೆ, ಬಾಯಿಂದ ಬರುವ ಹಬೆ ಸಮೇತ, ಇಡೀ ಮನುಷ್ಯ ಕಾಣುತ್ತಿದ್ದರು. ಸ್ವಲ್ಪ ಹೊತ್ತು ಹಾಗೇ ನೋಡಿದೆ, ಹೇಗೂ ಅವಸರವಿರಲಿಲ್ಲ.

"ಪೂರ್ತಿ ಕಾಣ್ತೀರಿ," ಎಂದು ನಾನೂ ಕೂಗಿದೆ. "ಸರೀರಿ ಆ ಕಡೆ!"